ಕೈ ಎತ್ತದವನು

ಲೋಟವನ್ನು ಟೀಪಾಯಿಯ ಮೇಲೆ ಒಂದು ಸಲ ಕುಟ್ಟಿದರೆ ಕಾಫಿ, ಎರಡು ಸಲ ಕುಟ್ಟಿದರೆ ತಿಂಡಿ. ಐದು ತಿಂಗಳಿಂದ ಆ ಮನೆಯಲ್ಲಿ ಈ ಏರ್ಪಾಡು ಒಂದು ದಿನವೂ ತಪ್ಪದೆ ನಡೆದುಬಂದಿತ್ತು. ಆವತ್ತು ಬೆಳಿಗ್ಗೆಯೂ ಬಸವಲಿಂಗಯ್ಯ ಒಂದು ಸಲ ಕುಟ್ಟಿದ, ಅವನ ಹೆಂಡತಿ ಸಿದ್ದಗಂಗಮ್ಮ ಅಡುಗೆಮನೆಯಿಂದ ಬಂದು ಕಾಫಿ ಇಟ್ಟು ಹೋದಳು. ಮುಖದಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ಹಾಲಿನವನಿಗೆ ಪಾತ್ರೆ ಹಿಡಿಯುವಾಗ ಎಷ್ಟು ಗಮನವೋ ಅಷ್ಟೇ ಗಮನ. ಅವನನ್ನು ಒಳಗೊಳಗೇ ಕೊರೆಯುತ್ತಿದ್ದುದು ಅದೇ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಮಾತು ಬಿಟ್ಟಿದ್ದು ಇದೇ ಮೊದಲೇನಲ್ಲ. ಮದುವೆಯಾದ ಹೊಸದರಲ್ಲಿ, ಇಸ್ತ್ರಿ ಮಾಡುವಾಗ ಅಂಗಿಯ ಕಾಲರು ಸುಟ್ಟಿದ್ದಕ್ಕೆ ಮೂರು ದಿನ. ಅದು ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಹತ್ತು ದಿನ, ಒಂದು ತಿಂಗಳು, ಒಂದು ಸಲ ಯುಗಾದಿಯಿಂದ ಗೌರಿ ಹಬ್ಬದವರೆಗೆ. ಪ್ರತಿ ಸಲವೂ ಸೋತು ಬರುತ್ತಿದ್ದವಳು ಅವಳೇ. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಹತ್ತಿರ ನಿಂತು "ತಪ್ಪಾಯ್ತು ರೀ, ಮಾತಾಡಿ" ಅನ್ನುತ್ತಿದ್ದಳು. ಯಾವ ತಪ್ಪು ಎಂದು ಅವಳೂ ಹೇಳುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಇನ್ನೂ ಒಂದೆರಡು ದಿನ ಕಾಯಿಸಿ ಅವನು "ಹೂಂ" ಅನ್ನುತ್ತಿದ್ದ. ಆ ಹೂಂ ಕಿವಿಗೆ ಬಿದ್ದ ಕೂಡಲೇ ಅವಳ ಮುಖ ಅರಳುವುದನ್ನು ನೋಡುವುದರಲ್ಲಿ ಅವನಿಗೊಂದು ಸುಖವಿತ್ತು, ಸುಳ್ಳು ಯಾಕೆ ಹೇಳಬೇಕು. ಈ ಸಲ ಐದು ತಿಂಗಳಾದರೂ ಅವಳು ಬಾಗಿಲ ಹತ್ತಿರ ಬಂದು ನಿಂತಿಲ್ಲ. ನಿಲ್ಲುವುದಿಲ್ಲವೇನೋ ಎಂಬ ಅನುಮಾನ ಈಚೆಗೆ ಕಾಫಿಯ ಜೊತೆಗೇ ಗಂಟಲಲ್ಲಿ ಇಳಿಯುತ್ತಿತ್ತು.

ಮನೆಯಿಂದ ಕೋರ್ಟಿನ ಹತ್ತಿರದ ಅಂಗಡಿಗೆ ಹತ್ತು ನಿಮಿಷದ ದಾರಿ. ಬೆಳಿಗ್ಗೆ ಒಂಬತ್ತಕ್ಕೇ ಮಧುಗಿರಿ ಬೆಟ್ಟದ ಬಂಡೆ ಕಾಯತೊಡಗಿ, ಅದರ ಕೆಳಗಿನ ಬೀದಿಗಳಿಗೆಲ್ಲ ಒಂದು ಒಣ ಬಿಸಿ ಇಳಿದಿತ್ತು. ಅವನು ನೆರಳು ಹುಡುಕುತ್ತ ಗೋಡೆಯ ಮಗ್ಗುಲಲ್ಲೇ ನಡೆದ. ಐದು ತಿಂಗಳ ಹಿಂದೆ ಕೊರಟಗೆರೆಯಲ್ಲಿ ಬಾಮೈದನ ಮನೆಯ ಗೃಹಪ್ರವೇಶದ ದಿನವೂ ಹೀಗೇ ಬಿಸಿಲಿತ್ತು. ಊಟದ ಪಂಕ್ತಿಯಲ್ಲಿ ಯಾರೋ ಬಳಗದವರು "ಲಾಯರ್ ಸಾಹೇಬ್ರಿಗೆ ಇನ್ನೊಂದು ಹೋಳಿಗೆ ಹಾಕ್ರಪ್ಪ" ಎಂದಿದ್ದರು. ಅವನು ಬೇಡವೆನ್ನುವಂತೆ ಕೈ ಅಡ್ಡ ಹಿಡಿದು, ಸಾಹೇಬ ಎಂದದ್ದನ್ನು ಮಾತ್ರ ಹಿತವಾಗಿ ಒಳಗೆ ಬಿಟ್ಟುಕೊಂಡಿದ್ದ. ಅಷ್ಟರಲ್ಲಿ ತುಪ್ಪ ಬಡಿಸುತ್ತ ಬಂದ ಸಿದ್ದಗಂಗಮ್ಮ ನಗುನಗುತ್ತಲೇ "ಲಾಯರ್ ಎಲ್ಲಿ ಬಂತಣ್ಣ, ಇವರು ಟೈಪ್ ಮಾಡ್ತಾರೆ ಅಷ್ಟೆ" ಎಂದುಬಿಟ್ಟಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ದುರುದ್ದೇಶದಿಂದ ಅಂದದ್ದಲ್ಲ, ಅದು ಅವನಿಗೂ ಗೊತ್ತು. ತವರಿನ ಸಂಭ್ರಮದಲ್ಲಿ ಅವಳಿಗೆ ನಾಲಿಗೆ ಸ್ವಲ್ಪ ಸಡಿಲವಾಗಿತ್ತು. ಎಲೆಯ ಮೇಲಿದ್ದ ಹೋಳಿಗೆಯನ್ನು ಮುಟ್ಟದೆ ಎದ್ದು ಕೈ ತೊಳೆದವನು ಅಲ್ಲಿಂದ ಇಲ್ಲಿಯವರೆಗೆ ಅವಳೊಡನೆ ಒಂದು ಮಾತೂ ಆಡಿಲ್ಲ. ಆದರೆ ಕೈ ಎತ್ತಿಲ್ಲ. ಮದುವೆಯಾದ ದಿನದಿಂದ ಒಂದು ಸಲವೂ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಅವನಪ್ಪ ಅವನಮ್ಮನನ್ನು ಕಣದಲ್ಲಿ ಹತ್ತು ಜನರ ಎದುರು ಬಾರುಕೋಲಿನಿಂದ ಹೊಡೆದದ್ದನ್ನು ಕಂಡವನು ಅವನು. ನಾನು ಅವನಂತಾಗುವುದಿಲ್ಲ ಎಂದು ಹನ್ನೆರಡನೇ ವಯಸ್ಸಿಗೇ ಆಣೆ ಮಾಡಿಕೊಂಡಿದ್ದ, ಮತ್ತು ಆಣೆ ಉಳಿಸಿಕೊಂಡಿದ್ದೇನೆ ಎಂಬ ನೆಮ್ಮದಿಯಲ್ಲೇ ಇಷ್ಟು ವರ್ಷ ನಿದ್ದೆ ಮಾಡಿದ್ದ.

ಅಂಗಡಿಯೆಂದರೆ ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಬಂದವರು ಕೂರಲು ಒಂದು ಬೆಂಚು. ಹನ್ನೊಂದು ಗಂಟೆಯ ಹೊತ್ತಿಗೆ ವಕೀಲ ರಂಗಸ್ವಾಮಿ ಇಬ್ಬರು ಹೆಂಗಸರನ್ನು ಅಲ್ಲಿಗೆ ಕಳಿಸಿದ. ಗಂಡನ ಮೇಲೆ ಕೌಟುಂಬಿಕ ಹಿಂಸೆಯ ಅರ್ಜಿ, ಮಾಮೂಲಿನಂತೆ ಟೈಪ್ ಹೊಡೆದುಕೊಡಿ ಎಂದು ಫೋನಿನಲ್ಲಿ ಹೇಳಿದ್ದ. ಬಡವನಹಳ್ಳಿಯಿಂದ ಬಂದವರು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ ಜ್ಯೋತಿಲಕ್ಷ್ಮಿ, ಅವಳ ಜೊತೆಗೆ ದೊಡ್ಡಮ್ಮ ಚಿಕ್ಕಹನುಮಕ್ಕ. ಬಸವಲಿಂಗಯ್ಯ ಹುಡುಗಿಯ ಮುಖವನ್ನು ಸರಿಯಾಗಿ ನೋಡಲೂ ಇಲ್ಲ. ಹೆಸರು, ಗಂಡನ ಹೆಸರು, ಊರು, ಮದುವೆಯಾದ ತಾರೀಖು ಕೇಳಿಕೊಂಡ. 'ಹೊಡೆತ' ಎಂಬ ಹೆಸರಿನ ಕಡತ ತೆರೆದು ಹಳೆಯ ಹೆಸರುಗಳಿದ್ದ ಜಾಗದಲ್ಲಿ ಹೊಸ ಹೆಸರು ಕೂರಿಸಿದ. ಆ ಕಡತ ಅವನು ಸ್ವಂತ ಕಟ್ಟಿದ್ದು. ಅದರ ಆರನೇ ಪ್ಯಾರಾ ಆ ಸಾಲಿನ ಅಂಗಡಿಗಳಲ್ಲೆಲ್ಲ ಪ್ರಸಿದ್ಧ, ಉಳಿದ ಟೈಪಿಸ್ಟರು ಪೆನ್‌ಡ್ರೈವ್ ತಂದು ತುಂಬಿಸಿಕೊಂಡು ಹೋಗಿದ್ದರು. ಹದಿನೈದು ವರ್ಷದಿಂದ ಮಧುಗಿರಿಗೆ ಅರ್ಜಿ ಕೊಡಲು ಬಂದ ಹೆಂಗಸರಲ್ಲಿ ಬಹುಪಾಲು ಮಂದಿಗೆ, ಊರು ಯಾವುದೇ ಇರಲಿ, ಗಂಡ ಯಾರೇ ಇರಲಿ, ಏಟು ಬಿದ್ದದ್ದು ಆ ಆರನೇ ಪ್ಯಾರಾದಲ್ಲಿ ಬಿದ್ದ ಹಾಗೆಯೇ. ಪ್ರಿಂಟು ತೆಗೆದು ಅಭ್ಯಾಸದಂತೆ ಗಟ್ಟಿಯಾಗಿ ಓದಿದ: "ಸದರಿ ಎದುರುದಾರರು ಪ್ರತಿದಿನ ಕುಡಿದು ಬಂದು ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಗಳಿಂದ ಬೆನ್ನಿಗೆ ಗುದ್ದಿ, ಕಾಲಿನಿಂದ ಒದ್ದು, ಜುಟ್ಟು ಹಿಡಿದು ಎಳೆದಾಡಿ..."

"ಅವ್ರು ಕುಡಿಯಲ್ಲ ಸಾರ್" ಎಂದಳು ಹುಡುಗಿ.

"ಹಂಗೆ ಬರೆಯೋದು ಕಣಮ್ಮ."

"ಹೊಡ್ದೂ ಇಲ್ಲ."

ಚಿಕ್ಕಹನುಮಕ್ಕ ಬೆಂಚಿನ ತುದಿಗೆ ಸರಿದಳು. "ಹೊಡ್ದ ಅಂತ್ಲೇ ಇರ್ಲಿ ಬುಡು ಸಾಮಿ. ಹೊಡೀದೇ ಇದ್ದೋನ ಮ್ಯಾಲೆ ಯಾರು ಅರ್ಜಿ ತಗಂತಾರೆ? ನಮ್ಮೂರಾಗೆ ಕೇಳಿದ್ರೆ ಅವನಂಥ ಗಂಡ ಪುಣ್ಯ ಮಾಡಿದ್ರೆ ಸಿಗ್ತಾನೆ ಅಂತಾರೆ. ನಾನೂ ಅಂಗೇ ಅಂದ್ಕಂಡಿದ್ದೆ."

"ಬ್ಯಾಡ ದೊಡ್ಡಮ್ಮ. ನಾಳೆ ಅಲ್ಲಿ ನಿಲ್ಸಿ ಕೇಳಿದ್ರೆ ನಾನೇನ್ ಹೇಳ್ಲಿ?"

ಆ ಮಾತಿಗೆ ಬಸವಲಿಂಗಯ್ಯ ಕೈಯಲ್ಲಿದ್ದ ಪ್ರಿಂಟನ್ನು ಕೆಳಗಿಟ್ಟ. ಮಿಡಿಗೇಶಿ ಕಡೆಯ ಕೆಂಚಮ್ಮ ಇದೇ ಬೆಂಚಿನ ಮೇಲೆ ಕೂತಿದ್ದಳು. ಎಷ್ಟು ವರ್ಷವಾಯಿತು, ನಾಲ್ಕೋ ಐದೋ. ಗಂಡ ಅವಳನ್ನು ಮನೆಯೊಳಗೆ ಸೇರಿಸದೆ ಮೂರು ವರ್ಷ ಜಗಲಿಯ ಮೇಲೆ ಮಲಗಿಸಿದ್ದ. ಹೊಸಿಲು ದಾಟಿದರೆ ನೀರು ಚಿಮುಕಿಸಿ ಒರೆಸುತ್ತಿದ್ದನಂತೆ, ಮೈಲಿಗೆಯಾಯಿತು ಎನ್ನುವಂತೆ. ಅವಳು ಅದನ್ನೆಲ್ಲ ಹೇಳುತ್ತಿದ್ದಳು, ಇವನು ಹೂಂಗುಟ್ಟುತ್ತ ಆರನೇ ಪ್ಯಾರಾ ಹಾಕಿ, ಮೇಲೊಂದು ದೊಣ್ಣೆಯನ್ನೂ ಸೇರಿಸಿದ್ದ. ಕಟಕಟೆಯಲ್ಲಿ ಎದುರು ವಕೀಲ ದೊಣ್ಣೆಯನ್ನು ಯಾವ ಕೈಯಲ್ಲಿ ಹಿಡಿದಿದ್ದ ಎಂದು ಕೇಳಿದಾಗ ಅವಳು ಒಮ್ಮೆ ಸುತ್ತ ನೋಡಿ "ಹೊಡ್ದಿಲ್ಲ ಸಾಮಿ. ಆವಯ್ಯ ಹೊಡೆಯೋನಲ್ಲ" ಎಂದಳು. ಅಲ್ಲಿಗೆ ಕೇಸು ಬಿದ್ದುಹೋಯಿತು. ಊರಿನ ಬಸ್ಸು ಹತ್ತುವ ಮೊದಲು ಅಂಗಡಿಗೆ ಬಂದು "ನಾನು ಹೇಳಿದ್ದೇ ಬರೆದಿದ್ರೆ ಆಯ್ತಿರ್ಲಿಲ್ವಾ ಸಾಮಿ?" ಎಂದು ಕೇಳಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ಗೊತ್ತಿಲ್ಲದೆ, ತಿಳಿದವರನ್ನು ಕೇಳುವ ಹಾಗೆ ಕೇಳಿದ್ದಳು. ಅವನು ತಲೆ ಎತ್ತದೆ "ನೀನು ಹೌದು ಅನ್ನಬೇಕಿತ್ತು" ಎಂದಿದ್ದ. ಸಂಜೆ ಮನೆಗೆ ಹೋಗಿ ಈ ಸಂಗತಿಯನ್ನು ಯಾರಿಗಾದರೂ ಹೇಳಬೇಕೆನಿಸಿತ್ತು. ಆದರೆ ಅವು ಮಾತು ಬಿಟ್ಟಿದ್ದ ದಿನಗಳು, ಸಿದ್ದಗಂಗಮ್ಮನಿಗೆ ಹೇಳುವಂತಿರಲಿಲ್ಲ. ಅವಳ ಮೇಲೆ ಆವತ್ತು ಯಾತಕ್ಕೆ ಮುನಿಸಿತ್ತು? ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಮಾತು ಬಿಟ್ಟದ್ದು ಮಾತ್ರ ನೆನಪಿತ್ತು.

"ಹಂಗಾದ್ರೆ ಏನ್ ಮಾಡ್ತಾನೆ ಹೇಳಮ್ಮ" ಎಂದ. ಹದಿನೈದು ವರ್ಷದಲ್ಲಿ ಯಾವ ಹೆಂಗಸನ್ನೂ ಅವನು ಹೀಗೆ ಕೇಳಿರಲಿಲ್ಲ.

ಅವಳು ಮೊದಲು ತಡವರಿಸಿದಳು, ಆಮೇಲೆ ಸರಾಗವಾಗಿ ಹೇಳಿದಳು. ಗಂಡ ಶಿರಾದ ಒಂದು ಷೋರೂಮಿನಲ್ಲಿ ಕೆಲಸಕ್ಕಿದ್ದಾನೆ. ಒಳ್ಳೆಯವನು, ಯಾರನ್ನೂ ಏಕವಚನದಲ್ಲಿ ಮಾತಾಡಿಸುವವನಲ್ಲ. ಗಂಟೆಗೊಂದು ಸಲ ಅವಳು ಇರುವ ಜಾಗದಿಂದ ಫೋಟೋ ತೆಗೆದು ಕಳಿಸಬೇಕು. ಒಲೆಯ ಮುಂದೆ ಇದ್ದರೆ ಒಲೆ ಕಾಣಬೇಕು, ಬಟ್ಟೆ ಒಗೆಯುತ್ತಿದ್ದರೆ ಕಲ್ಲು ಕಾಣಬೇಕು. ಹತ್ತು ನಿಮಿಷ ತಡವಾದರೆ ಸಂಜೆ ಬಂದು ಬೈಯುವುದಿಲ್ಲ. ಎದುರು ಕೂರಿಸಿಕೊಂಡು ಮೆತ್ತಗೆ, ಆ ಹತ್ತು ನಿಮಿಷದಲ್ಲಿ ಏನು ಮಾಡಿದ್ದು ಎಂದು ಕೇಳುತ್ತಾನೆ. ಹೇಳಿದ್ದನ್ನೇ ನಾಲ್ಕು ಸಲ ಹೇಳಿಸುತ್ತಾನೆ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಒಂದು ಮಾತು ಬದಲಾದರೆ ತಲೆಯ ಮೇಲೆ ಕೈ ಹೊತ್ತು ಅಳುತ್ತಾನೆ. ಗಾರ್ಮೆಂಟ್ಸ್ ಕೆಲಸ ಬಿಡಿಸಿದ್ದಾನೆ. ಆಧಾರ್ ಕಾರ್ಡು, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಎಲ್ಲ ಅವನ ಬೀರುವಿನಲ್ಲಿವೆ. ಅವೆಲ್ಲ ಅಲ್ಲೇ ಬಿಟ್ಟು ಅವಳು ಹೋದ ವಾರ ದೊಡ್ಡಮ್ಮನ ಮನೆ ಸೇರಿದ್ದಾಳೆ.

"ಫೋನ್ ಬಡ್ಕಂಡ್ರೆ ಉಚ್ಚೆ ಬಂದಂಗಾಯ್ತದೆ ಸಾರ್" ಎಂದಳು. "ನಿಜವಾಗ್ಲೂ ಹೋಗ್ಬುಟ್ಟಿದ್ದೀನಿ ಒಂದೆರಡು ಸಲ. ಈಗೀಗ ನಂಗೇ ಅನುಮಾನ, ನಾನು ಆ ಹತ್ತು ನಿಮಿಷ ಏನೋ ಮಾಡಿದ್ನೇನೋ ಅಂತ. ಇದನ್ನ ಬರೆಯಕ್ಕೆ ನಿಮ್ಮ ಪೇಪರ್‌ನಾಗೆ ಜಾಗ ಇಲ್ವಾ?"

ಜಾಗವಿತ್ತು. ಅರ್ಜಿಯ ಜೊತೆಗೆ ಲಗತ್ತಿಸುವ ನಮೂನೆ ಅವನ ಮೇಜಿನ ಮೇಲೆ ಕಟ್ಟುಗಟ್ಟಲೆ ಬಿದ್ದಿತ್ತು. ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ಹಿಂಸೆಗೆ ನಾಲ್ಕು ಭಾಗ. ಅವನು ಯಾವಾಗಲೂ ಮೊದಲನೆಯದಕ್ಕೆ ಗುರುತು ಹಾಕಿ, ಉಳಿದದ್ದಕ್ಕೆಲ್ಲ ಒಂದು ಅಡ್ಡಗೀಟು ಎಳೆದು ಪುಟ ತಿರುಗಿಸುತ್ತಿದ್ದ. ಈಗ ಕನ್ನಡಕ ಒರೆಸಿಕೊಂಡು ಮೂರನೇ ಭಾಗ ಓದತೊಡಗಿದ. ಅವಮಾನ ಮಾಡುವುದು. ಹೀಯಾಳಿಸುವುದು. ಮನೆಯಿಂದ ಹೊರಗೆ ಹೋಗದಂತೆ ತಡೆಯುವುದು. ಕೆಲಸಕ್ಕೆ ಹೋಗದಂತೆ ತಡೆಯುವುದು. ಯಾರನ್ನಾದರೂ ಭೇಟಿಯಾಗದಂತೆ ತಡೆಯುವುದು. ಹುಡುಗಿಗಾಗಿ ಒಂದೊಂದೇ ಓದುತ್ತಿದ್ದೇನೆ ಎಂದುಕೊಂಡಿದ್ದವನು, ಪಟ್ಟಿಯ ಅರ್ಧಕ್ಕೆ ಬರುವಷ್ಟರಲ್ಲಿ ತಾನು ಹುಡುಕುತ್ತಿರುವುದು ತನ್ನ ಹೆಸರನ್ನು ಎಂದು ಕಂಡುಕೊಂಡ. ಮಾತು ಬಿಡುವುದು ಎಂದು ಎಲ್ಲೂ ಬರೆದಿರಲಿಲ್ಲ. ಎರಡು ಸಲ ಓದಿದ, ಇಲ್ಲ. ಎದೆಯಿಂದ ಒಂದು ನಿಟ್ಟುಸಿರು ಹೊರಟಿತು, ಮತ್ತು ಅದು ಪೂರ್ತಿ ಹೊರಡುವ ಮೊದಲೇ ಪಟ್ಟಿಯ ಕೊನೆಯ ಸಾಲು ಕಣ್ಣಿಗೆ ಬಿತ್ತು: ಇತರೆ, ವಿವರಿಸಿ. ಅದರ ಮುಂದೆ ಚುಕ್ಕೆಗಳ ಒಂದು ಖಾಲಿ ಗೆರೆ. ಆ ಗೆರೆಯಲ್ಲಿ ಸಿದ್ದಗಂಗಮ್ಮ ಏನು ಬರೆಸುತ್ತಾಳೆ? ಏನೂ ಬರೆಸಲಾರಳು, ಅವಳಿಗೂ ಇದಕ್ಕೊಂದು ಹೆಸರಿದೆ ಎಂದು ಗೊತ್ತಿಲ್ಲ. ಬೀದಿಯ ಹೆಂಗಸರು ತಮ್ಮ ತಮ್ಮ ಗಂಡಂದಿರ ಕಥೆ ಹೇಳಿಕೊಳ್ಳುವಾಗ "ನಿಮ್ಮ ಯಜಮಾನ್ರು ದೇವರಂಥೋರು, ಒಂದು ಮಾತಾಡಲ್ಲ" ಎಂದು ಅವಳಿಗೆ ಹೇಳುವುದನ್ನು ಅವನೇ ಕಿಟಕಿಯ ಹಿಂದೆ ಕೂತು ಕೇಳಿಸಿಕೊಂಡಿದ್ದ. ಅವಳು ಆಗ ನಕ್ಕಿದ್ದಳು. ಎಂಥ ನಗು ಅದು?

ಮಗಳು ತೇಜಸ್ವಿನಿ ಮದುವೆಯಾಗಿ ತುಮಕೂರಿಗೆ ಹೋಗುವವರೆಗೆ ಲೋಟ ಕುಟ್ಟುವ ಅಗತ್ಯ ಬಿದ್ದಿರಲಿಲ್ಲ. ಅವಳೇ ನಡುವೆ ಓಡಾಡುತ್ತಿದ್ದಳು. ಆರು ವರ್ಷದ ಮಗುವಿಗೆ "ನಿಮ್ಮಮ್ಮನಿಗೆ ಹೇಳು, ನಂಗೆ ಊಟ ಬೇಡ" ಎಂದು ಹೇಳುವುದು, ಎರಡೇ ಮಾರು ದೂರದಲ್ಲಿ ಅವಳಮ್ಮ ನಿಂತಿರುವುದು. ಒಂದು ದಿನ ಅವನು "ಸಾರು ಬಾಯಿಗಿಡೋ ಹಂಗಿಲ್ಲ ಅಂತ ಹೇಳು" ಎಂದು ಕಳಿಸಿದ. ಮಗು ಅಡುಗೆಮನೆಗೆ ಹೋಗಿ "ಅಮ್ಮ, ಅಪ್ಪ ಸಾರು ತುಂಬಾ ಚೆನ್ನಾಗೈತೆ ಅಂದ್ರು, ನೀನು ಅಳಬ್ಯಾಡ್ವಂತೆ" ಎಂದದ್ದು ಅವನ ಕಿವಿಗೆ ಬಿತ್ತು. ಯಾವಾಗಿಂದ ಹೀಗೆ ಬದಲಾಯಿಸಿ ಹೇಳುತ್ತಿದ್ದಳೋ. ಇನ್ನೊಬ್ಬ ತಂದೆಯಾಗಿದ್ದರೆ ಆ ಗಳಿಗೆಯಲ್ಲಿ ಎದ್ದು ಹೋಗಿ ಮಗುವನ್ನು ಎತ್ತಿಕೊಳ್ಳುತ್ತಿದ್ದ. ಅವನು ಎರಡು ದಿನ ಮಗುವಿನ ಜೊತೆಗೂ ಮಾತು ಬಿಟ್ಟ. ಮೂರನೆಯ ದಿನ ಅದು ಬಂದು, ತಾಯಿ ನಿಲ್ಲುತ್ತಿದ್ದ ಬಾಗಿಲ ಹತ್ತಿರವೇ ನಿಂತು, ತಾಯಿಯ ಹಾಗೆಯೇ "ತಪ್ಪಾಯ್ತು" ಅಂದಿತ್ತು. ಅಂಗಡಿಯಲ್ಲಿ ಕೂತ ಬಸವಲಿಂಗಯ್ಯನಿಗೆ ನಾಚಿಕೆಯಾಯಿತು. ಇಬ್ಬರು ಹೆಂಗಸರೂ ತನ್ನನ್ನೇ ನೋಡುತ್ತಿದ್ದಾರೆ, ಅವರಿಗೆ ಎಲ್ಲವೂ ಕಾಣಿಸುತ್ತಿದೆ ಎಂದು ಭಯವಾಯಿತು. ಅವರು ನೋಡುತ್ತಿದ್ದುದು ಪ್ರಿಂಟರನ್ನು.

"ಹೊಸದಾಗಿ ಬರೆಯೋಣ ಕಣಮ್ಮ" ಎಂದ.

ಬರೆಯುವುದು ಸುಲಭವಾಗಿರಲಿಲ್ಲ. ಹೊಡೆತಕ್ಕೆ ಅವನಲ್ಲಿ ಮಾತುಗಳು ರಾಶಿ ಬಿದ್ದಿದ್ದವು. ಹೊಡೆಯದೆ ಇರುವುದಕ್ಕೆ ಒಂದೂ ಇರಲಿಲ್ಲ. ಸದರಿ ಎದುರುದಾರರು ಎಂದು ಶುರು ಮಾಡಿದರೆ ವಾಕ್ಯ ತಂತಾನೇ ಬೆನ್ನಿಗೆ ಗುದ್ದುವ ಕಡೆಗೇ ಓಡುತ್ತಿತ್ತು. ಕೊನೆಗೆ ಎಲ್ಲ ಅಳಿಸಿ, 'ನನ್ನ ಗಂಡ ನನ್ನನ್ನು ಹೊಡೆದಿಲ್ಲ' ಎಂದು ಮೊದಲ ಸಾಲು ಬರೆದ. ಆಮೇಲೆ ಹುಡುಗಿ ಹೇಳುತ್ತ ಹೋದಳು, ಅವನು ಅವಳು ಹೇಳಿದ ಹಾಗೆಯೇ ಬಡಿಯುತ್ತ ಹೋದ. ಉಚ್ಚೆಯ ಮಾತು ಬಂದಾಗ ಒಂದು ಗಳಿಗೆ ತಡೆದ. ಅದಕ್ಕೆ ಬೇರೆ ಮರ್ಯಾದೆಯ ಪದ ಹಾಕಲು ಹೋಗಿ, ಬೇಡವೆಂದು ಅದನ್ನೇ ಉಳಿಸಿದ.

ರಂಗಸ್ವಾಮಿ ಕೋಟಿನ ಗುಂಡಿ ಬಿಚ್ಚುತ್ತ ಬಂದು, ನಿಂತೇ ಓದಿದ. "ಏನ್ರೀ ಇದು ಬಸವಲಿಂಗಯ್ಯ, ಗಂಡನ ಪರ ಬರೆದಿದ್ದೀರಲ್ಲ?"

"ನಿಜವಾಗಿ ನಡೆದದ್ದು ಅದೇ ಸಾರ್. ಮೂರನೇ ಭಾಗಕ್ಕೆ ಬರುತ್ತೆ, ನಾಲ್ಕನೇದಕ್ಕೂ ಬರುತ್ತೆ."

"ಯಾವ ಭಾಗಕ್ಕೆ ಬರುತ್ತೆ ಅನ್ನೋದು ನಮಗೆ ಬಿಡ್ರೀ. ನೀವು ಟೈಪ್ ಮಾಡಿ, ಸಾಕು."

ಕೊರಟಗೆರೆಯ ಪಂಕ್ತಿ ಮತ್ತೆ ಕಣ್ಣ ಮುಂದೆ ನಕ್ಕಿತು. ಬೇರೆ ದಿನವಾಗಿದ್ದರೆ ಬಸವಲಿಂಗಯ್ಯ ಅಲ್ಲಿಗೆ ಬಾಯಿ ಮುಚ್ಚಿಕೊಂಡು, ಒಂದು ವಾರ ರಂಗಸ್ವಾಮಿಯ ಕಾಗದಗಳನ್ನು ಬೇಕೆಂತಲೇ ತಡ ಮಾಡುತ್ತಿದ್ದ. ಆದರೆ ರಂಗಸ್ವಾಮಿಯ ಜೊತೆ ಮಾತು ಬಿಡುವ ಧೈರ್ಯ ತನಗೆ ಯಾವತ್ತೂ ಬಂದಿರಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಅನ್ನ ಕೊಡುವ ವಕೀಲರ ಮೇಲೆ, ಬಾಡಿಗೆ ಕೇಳುವ ಅಂಗಡಿ ಮಾಲೀಕನ ಮೇಲೆ, ಎಲ್ಲರೆದುರು ಗದರಿದ ಶಿರಸ್ತೇದಾರರ ಮೇಲೆ ಅವನ ಮಾತು ಒಂದು ದಿನವೂ ನಿಂತಿರಲಿಲ್ಲ. ಅದು ನಿಲ್ಲುತ್ತಿದ್ದುದು ಮನೆಯೊಳಗೆ, ಬಾಗಿಲ ಹತ್ತಿರ ಬಂದು ನಿಲ್ಲಲೇಬೇಕಾದವರ ಮೇಲೆ ಮಾತ್ರ. ಅಪ್ಪನ ಬಾರುಕೋಲೂ ಹಾಗೆಯೇ ಇತ್ತು. ಗೌಡರ ಮುಂದೆ ಅದು ಕಂಕುಳಲ್ಲಿ ಮುದುರಿಕೊಂಡು ಕೂರುತ್ತಿತ್ತು.

"ಅದೇ ಇರ್ಲಿ ಸಾರ್. ಬೇರೆ ಬರೆದ್ರೆ ನಾನು ಸಹಿ ಹಾಕಲ್ಲ" ಎಂದಳು ಜ್ಯೋತಿಲಕ್ಷ್ಮಿ, ವಕೀಲನಿಗೆ. ರಂಗಸ್ವಾಮಿ ಇನ್ನೊಮ್ಮೆ ಓದಿ, ನೋಡೋಣ ಎಂದು ಗೊಣಗಿ ಕಾಗದವನ್ನು ಮೇಜಿನ ಮೇಲಿಟ್ಟ. ಹುಡುಗಿ ಮೇಜಿಗೆ ಬಗ್ಗಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಬಡವನಹಳ್ಳಿಯ ಬಸ್ಸಿಗೆ ಹೊತ್ತಾಯಿತೆಂದು ಚಿಕ್ಕಹನುಮಕ್ಕ ಅವಳ ತೋಳು ಹಿಡಿದು ಕರೆದುಕೊಂಡು ಹೋದಳು.

ಮಧ್ಯಾಹ್ನವೆಲ್ಲ ಅವನಿಗೆ ಕೆಲಸ ಹತ್ತಲಿಲ್ಲ. ನಾಲ್ಕೂವರೆಗೇ ಅಂಗಡಿಯ ಬಾಗಿಲು ಎಳೆದು ಹೊರಟ. ಇವತ್ತು ಮಾತಾಡಬೇಕು. ಅವಳು ಬರಲೆಂದು ಕಾಯುವುದಲ್ಲ, ತಾನೇ ಹೋಗಿ ಆಡಬೇಕು. ತಪ್ಪು ನಂದು ಅನ್ನಬೇಕು. ಇಷ್ಟು ಸಣ್ಣ ವಾಕ್ಯವನ್ನು ದಾರಿಯುದ್ದಕ್ಕೂ ತುಟಿಯಲ್ಲೇ ಹೇಳಿಕೊಂಡ. ಹೇಳಿಕೊಂಡಷ್ಟೂ ಅದು ತೊಡಕಾಯಿತು. ಗಂಗಾ ಅನ್ನಬೇಕೇ, ಇವಳೇ ಅನ್ನಬೇಕೇ? ಅವಳು ಅಳುತ್ತಾಳೆ, ಅತ್ತರೆ ಏನು ಮಾಡಬೇಕು? ತಲೆಯ ಮೇಲೆ ಕೈ ಇಡಬಹುದು. ಅವಳು ಮುಖ ಎತ್ತಿ ನೋಡುವ ಆ ನೋಟವನ್ನು ನೆನೆದು ಎದೆ ತುಂಬಿ ಬಂತು. ಹೀಗೆ ತುಂಬಿ ಬಂದದ್ದರಲ್ಲಿ ಹಳೆಯ ಹೂಂ ಎನ್ನುವ ಸುಖದ ಒಂದು ಪಾಲು ಬೆರೆತಿದೆ ಎಂದು ಅವನಿಗೆ ಅನುಮಾನ ಬಂತು, ಅದನ್ನು ಅಲ್ಲೇ ಕೊಡವಿಕೊಂಡ. ನಾಳೆ ಬೆಳಿಗ್ಗೆಯಿಂದ ಮನೆ ಬೇರೆಯಾಗುತ್ತದೆ. ಅವಳನ್ನು ಕರೆದುಕೊಂಡು ತುಮಕೂರಿಗೆ ಮಗಳ ಮನೆಗೆ ಹೋಗಬೇಕು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಮಾತಾಡಿಕೊಂಡು ಹೋಗಬೇಕು.

ಸಿದ್ದಗಂಗಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಕಡಲೇಕಾಯಿ ಸುಲಿಯುತ್ತಿದ್ದಳು. ಅವನು ಇಷ್ಟು ಬೇಗ ಬಂದದ್ದನ್ನು ನೋಡಿ ಕಾಲು ಮಡಿಚಿಕೊಂಡು, ಅವನು ಒಳಗೆ ಹೋಗಲೆಂದು ಮೊರವನ್ನು ಪಕ್ಕಕ್ಕೆ ಎಳೆದುಕೊಂಡಳು. ಅವನು ಹೋಗಲಿಲ್ಲ. ಚಪ್ಪಲಿ ಬಿಟ್ಟು ಅಲ್ಲೇ ಬಾಗಿಲ ಹತ್ತಿರ ನಿಂತ. ಐದು ತಿಂಗಳು ಈ ಮನೆಯಲ್ಲಿ ಹೊರಡದ ದನಿ ಒಡೆದುಕೊಂಡು ಹೊರಟಿತು.

"ಗಂಗಾ... ತಪ್ಪು ನಂದು."

ಅವಳ ಕೈಯಲ್ಲಿದ್ದ ಕಾಯಿ ಒಡೆಯದೆ ನಿಂತಿತು. ತಲೆ ಎತ್ತಿ ಅವನ ಮುಖವನ್ನು ನೋಡಿದಳು. "ಯಾಕೆ, ಮೈಗೆ ಹುಷಾರಿಲ್ವಾ?"

"ಹುಷಾರಾಗಿದ್ದೀನಿ. ಇನ್ ಮೇಲೆ ಮಾತು ಬಿಡಲ್ಲ. ಇಷ್ಟು ವರ್ಷ ನಾನು ಮಾಡಿದ್ದು..." ಎಂದು ಶುರು ಮಾಡಿ, "ತಪ್ಪು" ಎಂದ ಮತ್ತೆ.

ಅವಳು ಅಳಲಿಲ್ಲ. ಕಾಯಿಯನ್ನು ಒಡೆದು ಬೀಜವನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಮಾತಾಡಿದಾಗ ಅವಳ ದನಿಯಲ್ಲಿ ದೂರಿರಲಿಲ್ಲ. ಒಂದು ವಿಷಯವನ್ನು ತಿಳಿಸಿ ಹೇಳುವ ತಾಳ್ಮೆಯಿತ್ತು.

"ನಿಮಗೆ ಗೊತ್ತಿಲ್ಲ. ನೀವು ಮಾತು ಬಿಟ್ಟಾಗ ಅಲ್ಲ ನಂಗೆ ಭಯ ಆಯ್ತಿದ್ದದ್ದು, ಮಾತು ಶುರು ಮಾಡಿದಾಗ. ಅವತ್ತಿಂದ್ಲೇ ಕಾಯ್ತಿದ್ದೆ, ಇನ್ನೆಷ್ಟು ದಿನಕ್ಕೆ ನಿಲ್ಲಿಸ್ತಾರೋ, ಯಾವ ಮಾತಿಗೆ ನಿಲ್ಲಿಸ್ತಾರೋ ಅಂತ. ಒಗ್ಗರಣೆ ಹಾಕೋವಾಗ್ಲೂ ಕೈ ನಡುಗೋದು. ನೀವು ನಗ್ತಾ ಇದ್ರೂ ನಿಮ್ಮ ಮುಖಾನೇ ನೋಡ್ತಿರ್ತಿದ್ದೆ. ಈ ಸಲ ಮೊದಲ್ನೇ ತಿಂಗಳೆಲ್ಲ ಅತ್ತೆ. ಆಮ್ಯಾಕೆ ಒಂದಿನ ನೋಡ್ಕೊತೀನಿ, ಕೈ ನಡುಗ್ತಿಲ್ಲ. ಹೋಗೋದೆಲ್ಲ ಹೋಗಿ ಆಗೈತಲ್ಲ, ಇನ್ನೇನ್ ಭಯ? ಮಲಗಿದ್ರೆ ಬೆಳಗಾಗೋವರ್ಗೂ ಎಚ್ಚರ ಇಲ್ದಂಗೆ ನಿದ್ದೆ ಬತ್ತದೆ. ಮದುವೆಯಾದ ಮ್ಯಾಲೆ ಇಂಗೆ ನಿದ್ದೆ ಬಂದಿರ್ಲಿಲ್ಲ."

ಇನ್ನೊಂದು ಕಾಯಿ ಎತ್ತಿಕೊಂಡಳು. ಅವನ ಕಡೆ ನೋಡದೆ, ಬೇಡುವ ದನಿಯಲ್ಲಿ ಹೇಳಿದಳು:

"ದಮ್ಮಯ್ಯ ಅಂತೀನಿ, ಇನ್ನೊಂದಷ್ಟು ದಿನ ಇಂಗೇ ಇದ್ಬುಡಿ."

ಬಸವಲಿಂಗಯ್ಯನಿಗೆ ಮೊದಲು ಬಂದದ್ದು ಸಿಟ್ಟು. ಬೆಳಿಗ್ಗೆಯಿಂದ ಹೊತ್ತು ತಂದ ಮಾತನ್ನು ಹೀಗೆ ಹೊಸಿಲಲ್ಲೇ ನಿಲ್ಲಿಸಿದಳಲ್ಲ ಎಂದು ಹಳೆಯ ಕುದಿತ ಎದೆಯವರೆಗೂ ಬಂತು. ಆಗ ಅವಳ ಬೆರಳುಗಳನ್ನು ನೋಡಿದ. ಕಾಯಿ ಒತ್ತುತ್ತಿದ್ದ ಹೆಬ್ಬೆರಳು ಸಣ್ಣಗೆ ನಡುಗುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಅವಳು ಕೈಯನ್ನು ಸಿಪ್ಪೆಯ ರಾಶಿಯಲ್ಲಿ ಹುದುಗಿಸಿದಳು. ಆ ನಡುಕವನ್ನು ಶುರು ಮಾಡಿದವು ತಾನು ಈಗ ಆಡಿದ ನಾಲ್ಕು ಮಾತುಗಳು ಎಂದು ಅವನಿಗೆ ತಿಳಿಯಿತು. ಆಯ್ತು, ನೀನು ಹೇಳಿದ ಹಾಗೇ ಇರ್ತೀನಿ ಎಂದು ಹೇಳಬೇಕೆಂದು ಬಾಯಿ ತೆರೆದ. ಅದೂ ಮಾತೇ ಎಂದು ಹೊಳೆದು, ತೆರೆದ ಬಾಯನ್ನು ಮುಚ್ಚಿಕೊಂಡು, ಬಾಗಿಲ ಹತ್ತಿರವೇ ನಿಂತುಕೊಂಡ.